ಉಣುಗಿನ ಮಾತ್ರೆಯಿಂದ ಹೋದ ಕಜ್ಜಿ: ನನ್ನ ಅನುಭವ

ಮಲೆನಾಡಿನ ಮಳೆಗಾಲದಲ್ಲಿ ನಾಯಿಯ ಕಜ್ಜಿಯನ್ನು ಅಮಿಟ್ರಾಜ್ ಎಂಬ ಹುಳುನಾಶಕದ ಸ್ನಾನದಿಂದ ವಾಸಿ ಮಾಡಲು ಹೊರಟವರು ಮೊದಲು ನಾಯಿಯನ್ನು ಒಣಗಿಸುವ ದಾರಿ ಕಂಡುಕೊಳ್ಳಬೇಕು. ಆ ದ್ರಾವಣವನ್ನು ತೊಳೆಯದೆ ಮೈಮೇಲೆಯೇ ಆರಲು ಬಿಡಬೇಕು, ಮುಂದಿನ ಸ್ನಾನದವರೆಗೆ ಮೈ ನೆನೆಯಲೂ ಬಾರದು. ತೀರ್ಥಹಳ್ಳಿಯ ಸೀಮೆಯಲ್ಲಿ ಜುಲೈ ತಿಂಗಳಿನಲ್ಲಿ ಹರವಿದ ಬಟ್ಟೆಯೇ ವಾರಗಟ್ಟಲೆ ಒಣಗದಿರುವಾಗ ಇದು ಆಗುಹೋಗುವ ಮಾತಲ್ಲ. ನಮ್ಮ ನಾಯಿ ಕಾಳನನ್ನು ಉಳಿಸಿದ್ದು ಉಣುಗನ್ನು ಕೊಲ್ಲಲೆಂದು ತಿಂಗಳಿಗೊಮ್ಮೆ ನುಂಗಿಸುವ ಒಂದು ಮಾತ್ರೆ. ‘ಉಣುಗಿನ ಮಾತ್ರೆಯಿಂದ ಕಜ್ಜಿ ಹೋಗುವುದುಂಟೇ’ ಎಂದು ನಕ್ಕವರೇ ಈಗ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗುತ್ತಿರುವುದರಿಂದ, ನಡೆದದ್ದನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿತು.

ಕಾಳ ಊರುನಾಯಿಯ ಮರಿ. ಎಂಟೊಂಬತ್ತು ತಿಂಗಳಿನವನಿದ್ದಾಗ ಕಣ್ಣಿನ ಸುತ್ತ ಕನ್ನಡಕ ಇಟ್ಟಂತೆ ಕೂದಲು ಉದುರಿತು, ಆಮೇಲೆ ಮುಂಗಾಲುಗಳಲ್ಲಿ ಬಿಲ್ಲೆ ಬಿಲ್ಲೆಯಾಗಿ ಚರ್ಮ ಕಾಣಿಸತೊಡಗಿತು. ತುರಿಕೆ ಇರಲಿಲ್ಲವೆನ್ನುವಷ್ಟು ಕಡಿಮೆ. ಇಂಥ ಹೊತ್ತಿನಲ್ಲಿ ಊರಿನಲ್ಲಿ ವೈದ್ಯರಲ್ಲದವರು ಯಾರೂ ಇರುವುದಿಲ್ಲ. ಹೊಂಗೆ ಎಣ್ಣೆ, ಬೇವಿನ ಎಣ್ಣೆ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಗಂಧಕ ಎಲ್ಲವನ್ನೂ ಸರದಿಯಂತೆ ಹಚ್ಚಿದ್ದಾಯಿತು. ನಾಯಿ ನೆಕ್ಕಿಕೊಂಡು ಭೇದಿ ಮಾಡಿಕೊಂಡಿತೇ ಹೊರತು ಒಂದು ಕೂದಲೂ ಹುಟ್ಟಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಬಳಿದುಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಅದರಲ್ಲಿರುವ ಮೈಲುತುತ್ತವನ್ನು ನೆಕ್ಕಿದ ನಾಯಿಯ ಗತಿಯೇನೆಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಸೀಮೆಎಣ್ಣೆ, ಸುಟ್ಟ ಆಯಿಲ್ ಹಚ್ಚುವವರ ವಿಷಯವನ್ನು ನಾನು ಎತ್ತುವುದಿಲ್ಲ. ಅದು ಚಿಕಿತ್ಸೆಯಲ್ಲ, ಹಿಂಸೆ.

ಬಳಿಕ ಒಬ್ಬರು, ಅವರ ಹೆಸರು ಇಲ್ಲಿ ಬೇಡ, ಚರ್ಮವನ್ನು ಮುಟ್ಟಿಯೂ ನೋಡದೆ ಅಲರ್ಜಿಯೆಂದು ಹೇಳಿ ಸ್ಟೀರಾಯ್ಡ್ ಚುಚ್ಚಿದರು. ನಾಲ್ಕೈದು ದಿನ ಚರ್ಮದ ಕೆಂಪು ಇಳಿದಿದ್ದನ್ನು ಕಂಡು ಮನೆಯವರೆಲ್ಲ ಹಿಗ್ಗಿದರು. ಎರಡನೆಯ ಇಂಜೆಕ್ಷನ್ ಆದ ಮೇಲೆ ರೋಗ ಕುತ್ತಿಗೆ, ಬೆನ್ನು, ಪಾದಗಳಿಗೆ ಹರಡಿ, ಅಲ್ಲಲ್ಲಿ ಕೀವುಗುಳ್ಳೆ ಒಡೆದು, ಅಂಗಳದಲ್ಲಿ ಮಲಗಿದ ಜಾಗವೆಲ್ಲ ಹಳಸಿದ ಎಣ್ಣೆಯಂತೆ ನಾರತೊಡಗಿತು. ಕಾಳನಿಗೆ ಇದ್ದದ್ದು ಡೆಮೊಡೆಕ್ಸ್ ಎಂಬ ಕಜ್ಜಿಹುಳುವೆಂದು ಆಮೇಲೆ ಗೊತ್ತಾಯಿತು. ಅದಿರುವ ನಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಹುಳುವಿಗೆ ಹಬ್ಬ ಮಾಡಿಕೊಟ್ಟಂತೆ. ಈ ಹುಳು ತಾಯಿಯ ಹಾಲು ಕುಡಿಯುವಾಗಲೇ ಮರಿಯ ಮೈಗೆ ಹತ್ತಿ ಬಹುತೇಕ ಎಲ್ಲ ನಾಯಿಗಳಲ್ಲೂ ಸುಮ್ಮನೆ ಇರುತ್ತದೆ, ಮೈಯ ರೋಗನಿರೋಧಕ ಶಕ್ತಿ ತಗ್ಗಿದಾಗ ಮಾತ್ರ ತಲೆಯೆತ್ತುತ್ತದೆ. ಆ ಶಕ್ತಿಯನ್ನೇ ತಗ್ಗಿಸುವ ಔಷಧವನ್ನು ಚುಚ್ಚಿದರೆ ಆಗುವುದು ಇದೇ.

ಕೊನೆಗೆ ಶಿವಮೊಗ್ಗದಲ್ಲಿ ಸ್ಕ್ರೇಪಿಂಗ್ ಮಾಡಿಸಿದೆ. ಮಾಡಿದವರು ಬಲ್ಲವರು. ಚರ್ಮವನ್ನು ಬೆರಳುಗಳ ನಡುವೆ ಬಲವಾಗಿ ಹಿಂಡಿ, ಬ್ಲೇಡಿಗೆ ಎಣ್ಣೆ ಸವರಿ, ರಕ್ತ ಸಣ್ಣಗೆ ಜಿನುಗುವವರೆಗೂ ಕೆರೆದರು. ಹುಳು ಕೂದಲಿನ ಬುಡದೊಳಗೆ ಇರುವುದರಿಂದ ಮೇಲುಮೇಲೆ ಕೆರೆದರೆ ಬರಿಯ ಹೊಟ್ಟು ಬರುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಾಗ ಉದ್ದನೆಯ ಬಾಲ, ಮುಂಭಾಗದಲ್ಲಿ ನಾಲ್ಕು ಜೊತೆ ಮೋಟುಕಾಲು, ಆ ಕಾಲುಗಳನ್ನು ನಿಧಾನವಾಗಿ ಆಡಿಸುತ್ತಿರುವ ಹುಳುಗಳು ಗುಂಪುಗುಂಪಾಗಿ ಕಂಡವು. ನಡುವೆ ಎರಡೂ ತುದಿ ಚೂಪಾದ ಮೊಟ್ಟೆಗಳು. ಅಷ್ಟು ದಿನ ಹಚ್ಚಿದ ಎಣ್ಣೆಗಳ ವಿಷಯದಲ್ಲಿ ಅಲ್ಲಿಯೇ ತೀರ್ಮಾನವಾಯಿತು.

ಅಮಿಟ್ರಾಜ್ ಪ್ರಯೋಗ ನಡೆದದ್ದು ಆಗ. ದನದ ಉಣುಗಿಗೆಂದು ಸಿಗುವ ಹನ್ನೆರಡೂವರೆ ಪ್ರತಿಶತದ ಸೀಸೆಯಿಂದ, ಹೇಳಿಕೊಟ್ಟ ಪ್ರಮಾಣದಲ್ಲಿಯೇ ಬೆರೆಸಿ, ಮೈಯ ಕೂದಲನ್ನೆಲ್ಲ ಕತ್ತರಿಸಿ, ಬೆಂಜಾಯಿಲ್ ಪೆರಾಕ್ಸೈಡ್ ಶಾಂಪೂವಿನಿಂದ ಹತ್ತು ನಿಮಿಷ ತೊಳೆದು, ಆಮೇಲೆ ಮೈತುಂಬ ಸವರಿದೆ. ಶಾಂಪೂ ಒಳ್ಳೆಯದೇ, ಕೂದಲಿನ ಬುಡವನ್ನು ಶುದ್ಧಿ ಮಾಡುತ್ತದೆ. ಆದರೆ ಅದು ತಾಗಿದ ಟವೆಲುಗಳೆಲ್ಲ ಬಣ್ಣ ಬಿಟ್ಟು ಮನೆಯಲ್ಲಿ ಬೈಸಿಕೊಳ್ಳಬೇಕಾಯಿತು. ಸ್ನಾನವಾದ ದಿನವೆಲ್ಲ ನಾಯಿ ಮಂಕಾಗಿ ತೂಕಡಿಸುತ್ತಿತ್ತು. ಒಣಗಿಸಲು ಬಚ್ಚಲಿನ ಹಂಡೆ ಒಲೆಯ ಮುಂದೆ ಕಟ್ಟೋಣವೆಂದರೆ ಆ ಸೀಸೆಯ ದ್ರಾವಕ ಬೆಂಕಿ ಹತ್ತುವಂಥದು. ಇಷ್ಟು ಸಾಲದೆಂಬಂತೆ, ಅಮಿಟ್ರಾಜ್ ಸಕ್ಕರೆಯ ಅಂಶವನ್ನು ಏರಿಸುವ ಔಷಧ, ನಮ್ಮ ಮನೆಯಲ್ಲಿ ತಂದೆಯವರು ಸಕ್ಕರೆ ಕಾಯಿಲೆಯವರು, ಕಾಳನಿಗೋ ಅವರ ಕಾಲ ಬಳಿಯೇ ಮಲಗಬೇಕು. ಕೆಲವು ವಾರಗಳ ನಂತರ ಬೆನ್ನಿನಲ್ಲಿ ಸ್ವಲ್ಪ ಕೂದಲು ಬಂತಾದರೂ ಪಾದಗಳು ಹಾಗೆಯೇ ಊದಿಕೊಂಡಿದ್ದವು. ಒದ್ದೆ ಅಂಗಳದಲ್ಲಿ ಓಡಾಡುವ ನಾಯಿಯ ಪಾದದಲ್ಲಿ ಯಾವ ದ್ರಾವಣ ನಿಂತೀತು?

ದನಕ್ಕೆ ಹಾಕುವ ಹುಳುವಿನ ಔಷಧ ಐವರ್ಮೆಕ್ಟಿನ್ ಚುಚ್ಚಿಸಿ ಎಂಬ ಒತ್ತಾಯವೂ ಬಹಳವಿತ್ತು. ಹದಿನೈದು ದಿನಕ್ಕೊಮ್ಮೆ ಚುಚ್ಚುವ ಕ್ರಮ ಸಾರ್ಕೊಪ್ಟಿಕ್ ಎಂಬ, ವಿಪರೀತ ತುರಿಸುವ ಬೇರೆ ಬಗೆಯ ಕಜ್ಜಿಗೆ ಸರಿಹೋಗುತ್ತದೆ, ಡೆಮೊಡೆಕ್ಸಿಗೆ ಸಾಲುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ದಿನವೂ ಬಾಯಿಯಿಂದ ಕೊಡಬೇಕು. ಕಾಲಿ (Collie) ಎಂಬ ಜಾತಿಯ ನಾಯಿಗಳಲ್ಲಿ ಅದು ಮಿದುಳಿಗೇರಿ ಪ್ರಾಣಕ್ಕೆ ಸಂಚಕಾರ ತರುವುದು ಎಲ್ಲರಿಗೂ ಗೊತ್ತಿದೆ. ಊರುನಾಯಿಯ ರಕ್ತದಲ್ಲಿ ಯಾವ ಜಾತಿ ಬೆರೆತಿದೆಯೆಂದು ಹೇಳುವವರು ಯಾರು? ನಾನು ಒಪ್ಪಲಿಲ್ಲ.

ಅಫೋಕ್ಸೊಲೇನರ್ ಮಾತ್ರೆಯ ಮಾತನ್ನು ನಾನೇ ಎತ್ತಿದೆ. ಉಣುಗು, ಚಿಗಟಗಳಿಗೆಂದು ಬಂದ ಈ ಗುಂಪಿನ ಮಾತ್ರೆಗಳು ಡೆಮೊಡೆಕ್ಸ್ ಹುಳುವನ್ನೂ ಕೊಲ್ಲುತ್ತವೆಂದು ಓದಿದ್ದೆ. ವೈದ್ಯರು ತೂಕ ನೋಡಿ, ಫಿಟ್ಸ್ ಬಂದದ್ದುಂಟೇ ಎಂದು ಎರಡು ಸಲ ಕೇಳಿ ಬರೆದುಕೊಟ್ಟರು. ಆ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಕಾಣಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿಯೇ ಈ ಗುಂಪಿನ ಎಲ್ಲ ಮಾತ್ರೆಗಳ ಬಗ್ಗೆ ಎಚ್ಚರಿಸಿದೆ. ಕೀವಿಗೆ ಸೆಫಲೆಕ್ಸಿನ್ ಎಂಬ ಆಂಟಿಬಯಾಟಿಕ್ ಬೇರೆ ನಡೆದಿತ್ತು. ಮೊದಲ ಮಾತ್ರೆಯ ನಂತರ ಎರಡು ವಾರ ಏನೂ ಆಗಲಿಲ್ಲ, ನಕ್ಕವರಿಗೆ ಇನ್ನಷ್ಟು ನಗು ಬಂತು. ತಿಂಗಳು ತುಂಬುವ ಹೊತ್ತಿಗೆ ವಾಸನೆ ಹೋಗಿ ಆನೆಚರ್ಮದಂತಿದ್ದ ಕುತ್ತಿಗೆ ಮೆತ್ತಗಾಯಿತು. ಎರಡನೆಯ ಮಾತ್ರೆಯ ಬಳಿಕ ಕಣ್ಣಿನ ಸುತ್ತ ಬೂದಿ ಎರಚಿದಂತೆ ಸಣ್ಣ ಕೂದಲು ಕಂಡಿತು. ಮೂರನೆಯದರ ಹೊತ್ತಿಗೆ ದಾರಿಹೋಕರು ‘ಹೊಸ ನಾಯಿ ತಂದಿರಾ’ ಎಂದು ಕೇಳಿದರು.

ಬಹಳ ಜನ ನಿಲ್ಲಿಸುವುದು ಇಲ್ಲಿಯೇ, ರೋಗ ಮರಳುವುದೂ ಇಲ್ಲಿಂದಲೇ. ಕೂದಲು ಬಂದ ಮಾತ್ರಕ್ಕೆ ಹುಳು ಹೋಗಿರುವುದಿಲ್ಲ. ತಿಂಗಳ ಅಂತರದಲ್ಲಿ ಎರಡು ಸಲ ನೋಡಿದಾಗ ಮೊಟ್ಟೆಯೂ ಸಿಗದಿದ್ದರೆ ಮಾತ್ರ ಹೋಯಿತೆನ್ನಬೇಕು. ಪ್ರತಿ ಸಲವೂ ಶಿವಮೊಗ್ಗಕ್ಕೆ ಹೋಗಿಬರುವ ಖರ್ಚು ಮಾತ್ರೆಗಿಂತ ಹೆಚ್ಚಾಗುತ್ತಿದ್ದುದರಿಂದ ಪರಿಚಯದ ಶಾಲೆಯೊಂದರಲ್ಲಿ ದೂಳು ಹಿಡಿದಿದ್ದ ಮೈಕ್ರೋಸ್ಕೋಪನ್ನು ರಜೆಯಲ್ಲಿ ಎರವಲು ತಂದೆ. ಪಾದವನ್ನು ಬ್ಲೇಡಿನಿಂದ ಕೆರೆಯಲು ಕಾಳ ಬಿಡುವುದಿಲ್ಲ. ಬೆರಳುಸಂದಿಯ ಇಪ್ಪತ್ತು ಮೂವತ್ತು ಕೂದಲನ್ನು ಇಕ್ಕಳದಲ್ಲಿ ಅದು ಬೆಳೆದ ದಿಕ್ಕಿಗೇ ಎಳೆದು ಕಿತ್ತು, ಸ್ಲೈಡಿನ ಮೇಲೆ ಎಣ್ಣೆಯಲ್ಲಿ ಮಲಗಿಸಿ ಬುಡವನ್ನು ನೋಡಬೇಕು. ಚರ್ಮ ಹಿಂಡಿ ಪಾರದರ್ಶಕ ಟೇಪ್ ಒತ್ತಿ ನೋಡುವ ಉಪಾಯವನ್ನೂ ಮಾಡಿದೆ. ಹೊಟ್ಟೆಯ ಭಾಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಒಬ್ಬನೇ ನಾಯಿಯನ್ನು ಹಿಡಿದುಕೊಂಡು ಕೂದಲು ಕೀಳುವ ಬಗೆಯನ್ನು ಮಾತ್ರ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಹೊಂಗೆ ಎಣ್ಣೆಯ ಭಕ್ತರ ಸಮಾಧಾನಕ್ಕೆಂದು ಮಾತ್ರೆ ನಡೆಯುತ್ತಿದ್ದಾಗ ಎಡ ಮುಂಗಾಲಿಗಷ್ಟೇ ಎಣ್ಣೆ ಹಚ್ಚಿ ಬಲಗಾಲನ್ನು ಹಾಗೆಯೇ ಬಿಟ್ಟಿದ್ದೆ. ಎರಡರಲ್ಲೂ ಕೂದಲು ಒಟ್ಟಿಗೇ ಬಂತು, ಎಡಗಾಲಿಗೆ ಮಣ್ಣು ಹೆಚ್ಚು ಅಂಟಿತು. ದಿನಕ್ಕೊಂದು ಕೋಳಿಮೊಟ್ಟೆ ತಿನ್ನಿಸಿದ್ದರಿಂದ ಕೂದಲಿಗೆ ಹೊಳಪು ಬಂದಿರಬಹುದು, ಹುಳುವಿಗೂ ಅದಕ್ಕೂ ಸಂಬಂಧವಿಲ್ಲ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಒಂದು ಮಾತ್ರೆಗೆ ಸಾವಿರದ ಆಸುಪಾಸು, ಒಟ್ಟು ಐದಾರು ಮಾತ್ರೆಗಳು, ಶಾಂಪೂ ಸೀಸೆ ನಾನೂರೋ ಐನೂರೋ, ಆಂಟಿಬಯಾಟಿಕ್ ಒಂದು ಸಾವಿರ. ಎಲ್ಲ ಸೇರಿ ಎಂಟು ಸಾವಿರದ ಒಳಗೆ. ಅದಕ್ಕೂ ಮೊದಲು ಎಣ್ಣೆ, ಇಂಜೆಕ್ಷನ್, ಅಮಿಟ್ರಾಜ್, ಬಾಡಿಗೆ ಜೀಪು ಎಂದು ಹೋದದ್ದೂ ಹೆಚ್ಚುಕಡಿಮೆ ಅಷ್ಟೇ. ಮಾತ್ರೆ ದುಬಾರಿ ಎನ್ನುವವರು ಈ ಎರಡನೆಯ ಲೆಕ್ಕವನ್ನು ಬರೆದಿಡುವುದಿಲ್ಲ.

ನಮ್ಮಲ್ಲಿ ಫಲ ಸಿಕ್ಕಿತೆಂದು ಪಕ್ಕದ ಮನೆಯವರು ತಮ್ಮ ನಾಯಿಗೂ ಅದೇ ಮಾತ್ರೆ ಕೇಳಿದರು. ಆ ನಾಯಿಗೆ ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆ, ರಾತ್ರಿಯೆಲ್ಲ ಕೆರೆತ, ಮನೆಯವರ ಹೊಟ್ಟೆ ಮತ್ತು ತೋಳಿನ ಮೇಲೂ ಕೆಂಪು ಗುಳ್ಳೆ. ಕಿವಿಯ ಅಂಚನ್ನು ಬೆರಳಿನಲ್ಲಿ ತಿಕ್ಕಿದೊಡನೆ ಹಿಂಗಾಲು ತಾನಾಗಿ ಕೆರೆಯಲು ಎದ್ದಿತು. ಅದು ಸಾರ್ಕೊಪ್ಟಿಕ್. ಅದರಲ್ಲಿ ಸ್ಕ್ರೇಪಿಂಗಿನಲ್ಲಿ ಹುಳು ಸಿಗದಿರುವುದೇ ಹೆಚ್ಚು, ಆದ್ದರಿಂದ ಸಿಗಲಿಲ್ಲವೆಂದು ಕೈಬಿಡಬಾರದು. ವೈದ್ಯರು ಅದಕ್ಕೂ ಇದೇ ಮಾತ್ರೆ ಕೊಟ್ಟರು, ಆದರೆ ಮನೆಯ ಮೂರೂ ನಾಯಿಗಳಿಗೆ ಒಟ್ಟಿಗೆ ಕೊಟ್ಟು ಗೋಣಿ ಹಾಸನ್ನೆಲ್ಲ ಸುಡಿಸಿದರು. ಡೆಮೊಡೆಕ್ಸ್ ಹಾಗೆ ದೊಡ್ಡ ನಾಯಿಗಳಿಗಾಗಲಿ ಮನುಷ್ಯರಿಗಾಗಲಿ ಹರಡುವುದಿಲ್ಲ. ನಮ್ಮ ಕಾಳನನ್ನು ಕಾಡಿಗೆ ಬಿಟ್ಟು ಬನ್ನಿ ಎಂದವರಿಗೆ ಇದನ್ನು ಎಷ್ಟು ಸಲ ಹೇಳಿದೆನೋ.

ಕಾಳ ಈಗ ಇಪ್ಪತ್ತು ಕಿಲೋ ತೂಗುತ್ತಾನೆ. ಮೈತುಂಬ ಹರಡುವ ಡೆಮೊಡೆಕ್ಸ್ ವಂಶದಲ್ಲಿ ಇಳಿಯುವುದರಿಂದ ಅವನಿಗೆ ಬೀಜ ತೆಗೆಸಿದ್ದೇನೆ. ಆ ಮೈಕಟ್ಟನ್ನು ನೋಡಿ ಮರಿ ಬೇಕೆಂದು ಬರುವವರಿಗೆ ಕಾರಣ ಹೇಳಿ ಕಳುಹಿಸುತ್ತೇನೆ. ಮಳೆ ಹಿಡಿಯುವ ಮುನ್ನ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಪಾದದ ಕೂದಲು ಕಿತ್ತು ನೋಡುತ್ತೇನೆ. ಇದುವರೆಗೆ ಏನೂ ಸಿಕ್ಕಿಲ್ಲ. ಮೈಕ್ರೋಸ್ಕೋಪನ್ನು ಲೆನ್ಸ್ ಒರೆಸಿ ಶಾಲೆಗೆ ಮರಳಿಸಿದ್ದೇನೆ, ಬೇಕಾದಾಗ ಕೊಡಲು ಅವರು ಒಪ್ಪಿದ್ದಾರೆ.