ರೂಸ್‌ವೆಲ್ಟ್ ರೇಡಿಯೊ ಭಾಷಣವನ್ನು ನಾನು ಬಿಡಿಸಿ ನೋಡಿದ ಬಗೆ

ಅಮೆರಿಕದ ಅಧ್ಯಕ್ಷರ ಭಾಷಣ ಅಂದ ಕೂಡಲೇ ಹೆಸರಾದ ಸಾಲೊಂದು ಮುಂದೆ ಬರುತ್ತದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂದರೆ, ನಾವು ಹೆದರಬೇಕಾದದ್ದು ಹೆದರಿಕೆಗೆ ಮಾತ್ರ ಎಂಬ 1933ರ ಮಾರ್ಚ್ 4ರ ಮಾತು. ನಾನು ಆರಿಸಿಕೊಂಡದ್ದು ಅದನ್ನಲ್ಲ. ಅದಾಗಿ ಎಂಟು ದಿನಕ್ಕೆ, ಭಾನುವಾರ ರಾತ್ರಿ, ಅವರು ರೇಡಿಯೊದಲ್ಲಿ ಬ್ಯಾಂಕುಗಳ ಬಗ್ಗೆ ಆಡಿದ ಮಾತು. ದೇಶದ ಬ್ಯಾಂಕುಗಳೆಲ್ಲ ಮುಚ್ಚಿದ್ದವು, ಮರುದಿನದಿಂದ ಒಂದೊಂದಾಗಿ ತೆರೆಯಬೇಕಿತ್ತು, ತೆರೆದ ಕೂಡಲೇ ಜನ ದುಡ್ಡು ತೆಗೆಯೋಕೆ ಮತ್ತೆ ನುಗ್ಗಿದರೆ ಎಲ್ಲ ಮುಗಿದ ಹಾಗೇ.

ಮೊದಲು ಸುಮ್ನೆ ಆಡಿಯೊ ಕೇಳಿದೆ. ಆಮೇಲೆ ಅಚ್ಚಾದ ಭಾಷಣ ಮುಂದಿಟ್ಟುಕೊಂಡು, ಎಲ್ಲಿ ತಡೆದು ನಿಲ್ಲುತ್ತಾರೆ, ಎಲ್ಲಿ ಒತ್ತಿ ಹೇಳುತ್ತಾರೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮೂರನೇದೇ ನಿಜವಾದ ಕೆಲಸ. ಪ್ರತಿ ವಾಕ್ಯದ ಪಕ್ಕ ಬರೆಯುತ್ತಾ ಹೋದೆ: ಇದು ವಿಷಯ ತಿಳಿಸುತ್ತಿದೆಯಾ, ಧೈರ್ಯ ಹೇಳುತ್ತಿದೆಯಾ, ಅಥವಾ ಕೇಳುವವರಿಂದ ಏನಾದರೂ ಮಾಡಿಸಲು ನೋಡುತ್ತಿದೆಯಾ?

ಹೀಗೆ ಮಾಡಿದಾಗ ಮಾತಿನ ಸರದಿ ಕಣ್ಣಿಗೆ ಬಿತ್ತು. ನೀವು ಕಟ್ಟಿದ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಸಾಲ ಕೊಡುತ್ತದೆ, ಹೂಡುತ್ತದೆ ಎಂದು ಶುರುವಿನಲ್ಲೇ ಬಿಡಿಸಿ ಹೇಳುತ್ತಾರೆ. ಆಮೇಲೆ, ಯಾಕೆ ಮುಚ್ಚಿದ್ದು. ಆಮೇಲೆ, ಸೋಮವಾರ ಫೆಡರಲ್ ರಿಸರ್ವ್ ಬ್ಯಾಂಕು, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕಿನ ಪ್ರಾದೇಶಿಕ ಬ್ಯಾಂಕು, ಇರುವ 12 ನಗರಗಳಲ್ಲಿ, ಮಂಗಳವಾರ ಇನ್ನಷ್ಟು ಊರುಗಳಲ್ಲಿ ಅಂತ ದಿನದ ಲೆಕ್ಕ. ಇಷ್ಟಾದ ಮೇಲೇ, ಹಣ ಹಾಸಿಗೆ ಕೆಳಗೆ ಇರುವುದಕ್ಕಿಂತ ತೆರೆದ ಬ್ಯಾಂಕಿನಲ್ಲಿ ಇರುವುದು ಕ್ಷೇಮ ಎಂಬ ಭರವಸೆ. ಇದೇ ಸಾಲು ಮೊದಲು ಬಂದಿದ್ದರೆ ಯಾರು ನಂಬುತ್ತಿದ್ದರು? ನನಗಂತೂ ಈ ಸರದಿಯೇ ಆ ಭಾಷಣದ ಜೀವ. ಕೇಳುವವರಿಗೆ ತಿಳುವಳಿಕೆ ಇದೆ ಅಂತ ನಂಬಿ ಮಾತಾಡುವ ನಾಯಕರು ಜಾಸ್ತಿ ಸಿಗುವುದಿಲ್ಲ, ಅಲ್ವಾ?

ಎರಡು ವಾರದೊಳಗೆ, ಜನ ಮನೆಯಲ್ಲಿ ಬಚ್ಚಿಟ್ಟಿದ್ದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಂಕಿಗೆ ವಾಪಸು ಬಂತು. ಇದನ್ನೆಲ್ಲ ಮಾತಿನ ಲೆಕ್ಕಕ್ಕೇ ಬರೆಯುವ ಹಾಗಿಲ್ಲ. ಮಾರ್ಚ್ 9ರಂದೇ ತುರ್ತು ಬ್ಯಾಂಕಿಂಗ್ ಕಾಯ್ದೆ ಪಾಸಾಗಿ, ಬೇಕಾದಷ್ಟು ನೋಟು ಒದಗಿಸುವ ದಾರಿ ತೆರೆದಿತ್ತು. ಅದಕ್ಕೇ ಭಾಷಣದ ಜೊತೆ ಆ ವಾರದ ಕಾನೂನು, ಪತ್ರಿಕೆ ಎರಡನ್ನೂ ಓದುತ್ತೇನೆ.

ಈಗ ಅವರ 1942ರ ಫೆಬ್ರವರಿ 23ರ ಯುದ್ಧದ ಭಾಷಣ ಹಿಡಿದಿದ್ದೇನೆ. ಜಗತ್ತಿನ ನಕಾಶೆ ಮುಂದಿಟ್ಟುಕೊಂಡು ಕೇಳಿ ಅಂತ ಜನರಿಗೆ ಮೊದಲೇ ಹೇಳಿದ್ದರು. ನಾನೂ ಹಾಗೆಯೇ ಕೇಳುತ್ತಿದ್ದೇನೆ.