ಬ್ರಸೆಲ್ಸ್‌ನ ನಿರ್ದೇಶನ ಬರ್ಲಿನ್‌ನಲ್ಲಿ ಕಾನೂನಾಗುವುದು ಹೇಗೆ?

ಐರೋಪ್ಯ ಒಕ್ಕೂಟದ 27 ದೇಶಗಳಿಗೂ ಸೇರಿ ಒಂದೇ ಕಂಪನಿ ಕಾಯ್ದೆ ಇದೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಜರ್ಮನಿಗೆ ಅದರದ್ದೇ ಕಾಯ್ದೆ, ಪೋಲೆಂಡಿಗೆ ಅದರದ್ದೇ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಿಂದ ಬರುವುದು ಹೆಚ್ಚಾಗಿ ‘ನಿರ್ದೇಶನ’. ಇಂಥ ದಿನದೊಳಗೆ ನಿಮ್ಮ ದೇಶದಲ್ಲಿ ಇಷ್ಟು ಆಗಿರಬೇಕು ಅಂತ ಅದು ಹೇಳುತ್ತದೆ. ಹೇಗೆ ಮಾಡುತ್ತೀರಿ ಅನ್ನುವುದು ನಿಮ್ಮ ಪಾರ್ಲಿಮೆಂಟಿಗೆ ಬಿಟ್ಟದ್ದು. ಅಸಲಿ ಕಷ್ಟ ಇರುವುದೇ ಈ ‘ಹೇಗೆ’ಯಲ್ಲಿ.

2019ರ ಜೂನ್ 20ರ ಒಂದು ನಿರ್ದೇಶನವನ್ನೇ ತೆಗೆದುಕೊಳ್ಳೋಣ. ಖಾಸಗಿ ಲಿಮಿಟೆಡ್ ಕಂಪನಿಯನ್ನು ಶುರುವಿನಿಂದ ಕೊನೆವರೆಗೆ ಆನ್‌ಲೈನಿನಲ್ಲೇ ತೆರೆಯಲು ಎಲ್ಲ ದೇಶಗಳೂ ಅವಕಾಶ ಕೊಡಬೇಕು ಎಂದಿತು ಅದು. ಸ್ಪೈಸ್ ಪ್ಲಸ್ ಎಂಬ ಆನ್‌ಲೈನ್ ಫಾರಂ ತುಂಬಿ ಕೂತಲ್ಲೇ ಕಂಪನಿ ಮಾಡುವ ಬೆಂಗಳೂರಿನವರಿಗೆ ಇದೇನು ಮಹಾ ಅನ್ನಿಸಬಹುದು. ಜರ್ಮನಿಗೆ ಇದು ದೊಡ್ಡ ವಿಷಯವೇ ಆಗಿತ್ತು. ಈಗ ನೀವು ಬರ್ಲಿನ್‌ನ ನ್ಯಾಯ ಸಚಿವಾಲಯದಲ್ಲಿ ಕೂತ ಅಧಿಕಾರಿ ಅಂತ ಇಟ್ಟುಕೊಳ್ಳಿ.

ಮೊದಲು ‘ಬೇಕು’, ‘ಬಹುದು’ ಬೇರೆ ಮಾಡಿ

ನಿರ್ದೇಶನವನ್ನು ಪೆನ್ಸಿಲ್ ಹಿಡಿದು ಓದಿ. ‘ಕೊಡಬೇಕು’ ಅಂದ ಕಡೆ ಒಂದು ಗುರುತು, ‘ಕೊಡಬಹುದು’ ಅಂದ ಕಡೆ ಇನ್ನೊಂದು. ಆಮೇಲೆ ಎರಡು ಕಾಲಮ್ಮಿನ ಪಟ್ಟಿ ಮಾಡಿ: ಎಡಗಡೆ ನಿರ್ದೇಶನದ ಕಲಂ, ಬಲಗಡೆ ಅದಕ್ಕೆ ಸರಿಹೊಂದುವ ನಿಮ್ಮ ಕಾಯ್ದೆಯ ಕಲಂ. ಬಲಗಡೆ ಖಾಲಿ ಉಳಿದ ಜಾಗವೇ ನಿಮ್ಮ ಕೆಲಸ. ಒಕ್ಕೂಟ ಸೇರಲು ಸಾಲಿನಲ್ಲಿ ನಿಂತ ದೇಶಗಳೂ ಮಾಡುವುದು ಇದನ್ನೇ. ಅವರ ಮಾತುಕತೆಯ 6ನೇ ಅಧ್ಯಾಯ ಪೂರ್ತಿ ಕಂಪನಿ ಕಾನೂನಿನದ್ದು.

ನಮ್ಮ ನಿರ್ದೇಶನದಲ್ಲಿ ‘ಬೇಕು’ ಅಂದದ್ದು ಆನ್‌ಲೈನ್ ಸ್ಥಾಪನೆ. ಸಿದ್ಧ ಮಾದರಿ ಪತ್ರ ಬಳಸಿ, ಬೇರೆ ಕಂಪನಿಗಳಿಲ್ಲದೆ ವ್ಯಕ್ತಿಗಳಷ್ಟೇ ಸೇರಿ ಕಂಪನಿ ತೆರೆದರೆ 5 ಕೆಲಸದ ದಿನದಲ್ಲಿ ಮುಗಿಸಬೇಕು, ಉಳಿದವರಿಗೆ 10 ದಿನ. ಇದನ್ನು ಕೇಳಿ ಹೌಹಾರಬೇಡಿ. ಕಾಗದಪತ್ರ, ಶುಲ್ಕ, ಬಂಡವಾಳದ ದುಡ್ಡು ಎಲ್ಲ ಕೈಸೇರಿದ ಮೇಲಷ್ಟೇ ದಿನ ಎಣಿಸುವುದು. ತಡವಾದರೆ ಕಾರಣ ತಿಳಿಸಬೇಕು, ಅಷ್ಟೆ. ‘ಬಹುದು’ ಅಂದ ಕಡೆ ಒಂದು ಸಣ್ಣ ಸಾಲಿತ್ತು: ಸ್ಥಾಪನೆಯಲ್ಲಿ ನೋಟರಿಯ ಪಾತ್ರವನ್ನು ದೇಶಗಳು ಉಳಿಸಿಕೊಳ್ಳಬಹುದು. ಜರ್ಮನಿ ಆ ಸಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

ಬಾಗಿಲಲ್ಲಿ ಕೂತವರನ್ನು ಏನು ಮಾಡುತ್ತೀರಿ?

ಜರ್ಮನಿಯ ನೋಟರಿ ಅಂದರೆ ನಮ್ಮ ಕೋರ್ಟಿನೆದುರು ಮೇಜು ಹಾಕಿ ಸೀಲು ಒತ್ತುವವರಲ್ಲ. ಕಾನೂನು ಓದಿ, ತರಬೇತಿ ಪಡೆದು, ಸರ್ಕಾರದಿಂದ ನೇಮಕವಾದವರು. ಇಡೀ ದಸ್ತಾವೇಜನ್ನು ನಿಮ್ಮೆದುರು ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಆಮೇಲೆ ಸಹಿ ಹಾಕಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅಲ್ಲಿನ ಖಾಸಗಿ ಲಿಮಿಟೆಡ್ ಕಂಪನಿಯಾದ ಜಿಎಂಬಿಎಚ್ ತೆರೆಯಲು ನೀವಾಗಲಿ, ನಿಮ್ಮ ಪರವಾಗಿ ಅಧಿಕಾರಪತ್ರ ಹಿಡಿದವರಾಗಲಿ ಆ ಓದು ಕೇಳುತ್ತಾ ಕೂರಲೇಬೇಕಿತ್ತು.

ನೋಟರಿಯನ್ನು ತೆಗೆದುಹಾಕಿ ಪೂರ್ತಿ ಫಾರಂ ವ್ಯವಸ್ಥೆ ಮಾಡಬಹುದಿತ್ತು. ಪೋಲೆಂಡ್ 2012ರಲ್ಲೇ ಸಿದ್ಧ ಮಾದರಿಯ ಆನ್‌ಲೈನ್ ದಾರಿ ತೆರೆದಿತ್ತು. ಜರ್ಮನಿ ಹಾಗೆ ಮಾಡಲಿಲ್ಲ. ನೋಟರಿಯನ್ನೇ ವಿಡಿಯೊ ಕಾಲಿಗೆ ಕರೆತಂದಿತು. ಈಗ ಇಡೀ ಜರ್ಮನಿಯ ನೋಟರಿಗಳ ಮಂಡಳಿಯ ಪೋರ್ಟಲಿಗೆ ಹೋಗಬೇಕು. ಗುರುತಿನ ಚೀಟಿಯ ಚಿಪ್ಪನ್ನು ಫೋನಿಗೆ ಹಿಡಿದರೆ ನಿಮ್ಮ ಫೋಟೊ ನೋಟರಿಯ ಪರದೆಯಲ್ಲಿ ಬರುತ್ತದೆ. ಅವರು ಫೋಟೊ ನೋಡುತ್ತಾರೆ, ನಿಮ್ಮ ಮುಖ ನೋಡುತ್ತಾರೆ, ಪತ್ರ ಓದುತ್ತಾರೆ. ಕೊನೆಗೆ ಡಿಜಿಟಲ್ ಸಹಿ. ಓದು ಮಾತ್ರ ತಪ್ಪಲಿಲ್ಲ ನೋಡಿ!

ಇದು ಸುಮ್ನೆ ಹಟ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇನಾಮಿ ಕಂಪನಿ ತಡೆಯಲು ಬಾಗಿಲಲ್ಲಿ ಒಬ್ಬರು ಇರುವುದು ಒಳ್ಳೆಯದೇ. ಆದರೆ ಖರ್ಚೂ ಹಾಗೇ ಉಳಿಯಿತು ಅನ್ನುವುದೂ ನಿಜ.

ಮ್ಯೂನಿಕ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ನಿವಾಸ ಪರವಾನಗಿ ಕಾರ್ಡಿನಲ್ಲಿ ಆನ್‌ಲೈನ್ ಗುರುತಿನ ಸೌಲಭ್ಯ ಚಾಲೂ ಇದ್ದರೆ ನಿಮಗೂ ಈ ದಾರಿ ಇದೆ. ಬೆಂಗಳೂರಿನಲ್ಲೇ ಇರುವ ಪಾಲುದಾರರ ಹತ್ತಿರ ಅಂಥ ಯುರೋಪಿನ ಕಾರ್ಡ್ ಇಲ್ಲದಿದ್ದರೆ ಅವರಿಗೆ ಹಳೇ ದಾರಿಯೇ ಗತಿ. ಆದರೆ ಒಬ್ಬರು ವಿಡಿಯೊದಲ್ಲಿ, ಇನ್ನೊಬ್ಬರು ನೋಟರಿ ಕಚೇರಿಯಲ್ಲಿ ಕೂತು ಮಾಡಲೂ ಕಾಯ್ದೆ ಒಪ್ಪುತ್ತದೆ.

ಒಂದು ಕಾಯ್ದೆ ಮುಟ್ಟಿದರೆ ಸಾಲದು

ಜಿಎಂಬಿಎಚ್ ಕಾಯ್ದೆ 1892ರದ್ದು. ಅದನ್ನೊಂದು ತಿದ್ದಿದರೆ ಮುಗಿಯಲಿಲ್ಲ. ವಾಣಿಜ್ಯ ಸಂಹಿತೆ, ದಸ್ತಾವೇಜು ದೃಢೀಕರಣದ ಕಾಯ್ದೆ, ನೋಟರಿಗಳ ಕಾಯ್ದೆ, ಶುಲ್ಕದ ಕಾಯ್ದೆ ಎಲ್ಲವನ್ನೂ ಒಟ್ಟಿಗೆ ತಿದ್ದಬೇಕಾಯಿತು. ಗಡುವು 2021ರ ಆಗಸ್ಟ್ 1. ತೊಂದರೆ ಇದ್ದವರು ಒಂದು ವರ್ಷ ಜಾಸ್ತಿ ಕೇಳಬಹುದಿತ್ತು, ಜರ್ಮನಿ ಕೇಳಿತು. 2021ರ ಜುಲೈನಲ್ಲಿ ಕಾಯ್ದೆಯಾಗಿ, 2022ರ ಆಗಸ್ಟ್ 1ರಿಂದ ಜಾರಿ. ಮೊದಲಿಗೆ ನಗದು ಬಂಡವಾಳದ ಕಂಪನಿಗಳಿಗೆ ಮಾತ್ರ ಅವಕಾಶವಿತ್ತು. ಯಂತ್ರವನ್ನೋ ವಾಹನವನ್ನೋ ಬಂಡವಾಳವಾಗಿ ಕೊಡುವವರಿಗೆ 2023ರ ಆಗಸ್ಟ್‌ನಿಂದ ಅವಕಾಶ ಸಿಕ್ಕಿತು.

ಅದೇ 2022ರ ಆಗಸ್ಟ್‌ನಲ್ಲಿ ಕಂಪನಿ ರಿಜಿಸ್ಟರ್ ನೋಡುವುದು ಎಲ್ಲರಿಗೂ ಪುಕ್ಕಟೆಯಾಯಿತು. ಒಳ್ಳೆಯದೇ ಅಲ್ವಾ? ಹಳೇ ಕಡತಗಳಲ್ಲಿದ್ದ ಜನರ ಸಹಿ, ಮನೆ ವಿಳಾಸಗಳೂ ಜೊತೆಗೆ ಬಯಲಿಗೆ ಬಂದವು. ಗಲಾಟೆಯಾಯಿತು, ನಿಯಮ ಮತ್ತೆ ತಿದ್ದಿದರು. ಪಟ್ಟಿಯಲ್ಲಿ ಎಲ್ಲ ಸಾಲಿಗೂ ಟಿಕ್ ಹಾಕಿದರೂ ಇಂಥದ್ದು ತಪ್ಪಿಹೋಗುತ್ತದೆ.

ತಡ ಮಾಡಿದರೆ?

ಕಾಯ್ದೆ ಆದ ಮೇಲೆ ಐರೋಪ್ಯ ಆಯೋಗಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಮೊದಲು ನೋಟಿಸು, ಆಮೇಲೆ ಇನ್ನೊಂದು ಖಡಕ್ ಪತ್ರ, ಕೊನೆಗೆ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ಕೋರ್ಟು ಮತ್ತು ದಂಡ.

ಸುಮ್ಮನಿದ್ದರೂ ಪಾರಾಗಲು ಆಗುವುದಿಲ್ಲ. ಸ್ಪೇನ್ 1986ರಲ್ಲಿ ಒಕ್ಕೂಟ ಸೇರಿತು, ಮೊದಲ ಕಂಪನಿ ನಿರ್ದೇಶನವನ್ನು ಮಾತ್ರ ಕಾನೂನಿಗೆ ತಂದಿರಲಿಲ್ಲ. ಸಾಲ ಕೊಟ್ಟವರ ಕೈಗೆ ಆಸ್ತಿ ಸಿಗದಂತೆ ಒಂದು ಕಂಪನಿ ಕಟ್ಟಿದ್ದಾರೆ, ಅದನ್ನು ರದ್ದು ಮಾಡಿ ಅಂತ ಮಾರ್ಲೀಸಿಂಗ್ ಎಂಬ ಸಂಸ್ಥೆ ಸ್ಪೇನಿನ ಸಿವಿಲ್ ಸಂಹಿತೆ ಹಿಡಿದು ಕೋರ್ಟಿಗೆ ಹೋಯಿತು. ರದ್ದತಿಗೆ ನಿರ್ದೇಶನ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಆ ಕಾರಣ ಇರಲಿಲ್ಲ. ದೇಶದ ಕಾನೂನನ್ನು ಸಾಧ್ಯವಾದಷ್ಟೂ ನಿರ್ದೇಶನದ ಬೆಳಕಿನಲ್ಲೇ ಓದಬೇಕು ಎಂದು 1990ರಲ್ಲಿ ಲಕ್ಸೆಂಬರ್ಗ್ ಹೇಳಿತು. ಅಂದರೆ ಪಟ್ಟಿಯಲ್ಲಿಲ್ಲದ ಕಾರಣಕ್ಕೆ ಕಂಪನಿ ರದ್ದು ಮಾಡುವಂತಿಲ್ಲ.

ದಂಡಕ್ಕೆ ಹಲ್ಲಿರಲಿ

ಹೆಚ್ಚಿನವರು ಎಡವುವುದು ಇಲ್ಲಿ. ಕಂಪನಿಗಳು ವಾರ್ಷಿಕ ಲೆಕ್ಕಪತ್ರ ಬಹಿರಂಗ ಮಾಡಬೇಕು ಅಂತ ಇನ್ನೊಂದು ನಿರ್ದೇಶನದ ಪ್ರಕಾರ ಜರ್ಮನಿಯ ಕಾನೂನಿನಲ್ಲಿ 1985ರಿಂದಲೇ ಇತ್ತು. ಬಹುಪಾಲು ಸಣ್ಣ ಕಂಪನಿಗಳು ಕ್ಯಾರೇ ಅನ್ನಲಿಲ್ಲ. ಪಕ್ಕದ ಅಂಗಡಿಯವನಿಗೆ ನಮ್ಮ ಲಾಭ ಯಾಕೆ ಗೊತ್ತಾಗಬೇಕು ಅನ್ನುವುದು ಕುಟುಂಬದ ಕಂಪನಿಗಳ ವಾದ. ದಂಡ ಇತ್ತು, ನಿಜ. ಆದರೆ ಷೇರುದಾರರು, ಸಾಲ ಕೊಟ್ಟವರು, ನೌಕರರ ಮಂಡಳಿ ಇವರಲ್ಲಿ ಯಾರಾದರೂ ಕೇಳಿದರೆ ಮಾತ್ರ.

ಡೈಹಾಟ್ಸು ಕಾರಿನ ಡೀಲರುಗಳ ಸಂಘ ಡೈಹಾಟ್ಸು ಜರ್ಮನಿಯ ಲೆಕ್ಕ ಕೇಳಿದಾಗ, ಕೇಳುವ ಹಕ್ಕು ನಿಮಗಿಲ್ಲ ಎಂಬ ಉತ್ತರ ಬಂತು. ಪ್ರಕರಣ ಲಕ್ಸೆಂಬರ್ಗ್‌ಗೆ ಹೋಯಿತು. ಕೇಳುವ ಹಕ್ಕನ್ನು ಹೀಗೆ ಕೆಲವರಿಗಷ್ಟೇ ಸೀಮಿತ ಮಾಡುವಂತಿಲ್ಲ ಎಂದು 1997ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಜರ್ಮನಿ ಯಾರು ಬೇಕಾದರೂ ಕೇಳಬಹುದು ಅಂತ ತಿದ್ದಿತು. ಆದರೂ ಯಾರಾದರೂ ಕೇಳುವವರೆಗೆ ಕಾಯುವುದು ತಪ್ಪಲಿಲ್ಲ. 2007ರ ಜನವರಿಯಲ್ಲಿ ಬಾನ್ ನಗರದಲ್ಲಿ ಜರ್ಮನಿಯ ಕೇಂದ್ರ ಸರ್ಕಾರದ ನ್ಯಾಯ ಕಚೇರಿ ಶುರುವಾಯಿತು. ಯಾರೂ ಕೇಳದಿದ್ದರೂ ಅದು ತಾನಾಗಿಯೇ ಪತ್ರ ಕಳಿಸುತ್ತದೆ: ಆರು ವಾರದಲ್ಲಿ ಲೆಕ್ಕ ಕೊಡಿ, ಇಲ್ಲ 2,500ರಿಂದ 25,000 ಯೂರೊ ಕಟ್ಟಿ. ಆಗ ಕಡತಗಳು ಹೊರಬಂದವು. ತೀರಾ ಸಣ್ಣ ಕಂಪನಿಗಳಿಗೆ ಆಮೇಲೆ ದಂಡದ ಕನಿಷ್ಠ ಮೊತ್ತ ಇಳಿಸಿದರು.

ಹಾಗಾಗಿ ಕರಡಿನ ಕೊನೆಯಲ್ಲಿ ‘ದಂಡ’ ಎಂದು ಬರೆಯುವಾಗ ಮೊತ್ತ ಎಷ್ಟು ಅನ್ನುವುದಕ್ಕಿಂತ ಮೊದಲು ಪತ್ರ ಯಾರು ಕಳಿಸುತ್ತಾರೆ ಅನ್ನುವುದನ್ನು ಬರೆಯಿರಿ. ನಿಮ್ಮ ಮೇಜಿನ ಮೇಲೆ ಈಗಾಗಲೇ ಮುಂದಿನದು ಬಂದಿದೆ. ಇನ್ನೊಂದು ಸದಸ್ಯ ದೇಶದಲ್ಲಿ ಅಂಗಸಂಸ್ಥೆ ತೆರೆಯುವಾಗ ಕಂಪನಿಗಳು ಕೊಟ್ಟ ಕಾಗದವನ್ನೇ ಮತ್ತೆ ಕೊಡಬೇಕಾಗಬಾರದು ಎನ್ನುವ 2025/25 ಸಂಖ್ಯೆಯ ನಿರ್ದೇಶನ ಅದು. ಗಡುವು 2027ರ ಜುಲೈ 31.