ಎರಡು ದೇಶಗಳ ಮೊಬೈಲ್ ಡೇಟಾ ದರವನ್ನು ಸರಿಯಾಗಿ ಹೋಲಿಸುವುದು ಹೇಗೆ?

ಅಮೆರಿಕದಲ್ಲಿರುವ ನನ್ನ ತಂಗಿ ಪ್ರತಿ ಸಲ ಊರಿಗೆ ಬಂದಾಗಲೂ ಆಡುವ ಮಾತೊಂದಿದೆ: "ನಿಮಗೇನಣ್ಣ, ಇಲ್ಲಿ ಇಂಟರ್‌ನೆಟ್ ಪುಕ್ಕಟೆ ಸಿಕ್ಕಿದ ಹಾಗೆ." ಆ ಮಾತಿಗೆ ಆಧಾರವಿಲ್ಲದೆ ಇಲ್ಲ. ಬ್ರಿಟನ್ನಿನ ಕೇಬಲ್.ಕೊ.ಯುಕೆ ಎಂಬ ಬೆಲೆ ಹೋಲಿಕೆಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಭಾರತ ಒಂದು ಜಿಬಿಗೆ ಸರಾಸರಿ 0.26 ಡಾಲರ್ ದರದೊಂದಿಗೆ ಜಗತ್ತಿನಲ್ಲೇ ಅತಿ ಅಗ್ಗದ ದೇಶವಾಗಿತ್ತು. 2022ರ ಪಟ್ಟಿಯಲ್ಲಿ 0.04 ಡಾಲರಿನ ಇಸ್ರೇಲ್ ಮೊದಲ ಸ್ಥಾನಕ್ಕೆ ಬಂದು, 0.17 ಡಾಲರಿನ ಭಾರತ ಐದನೆಯದಾಯಿತು. ಆದರೆ ಈ ಪಟ್ಟಿಗಳು ಹೇಳುವುದು ಮಾರಾಟಕ್ಕಿಟ್ಟ ಡೇಟಾದ ಬೆಲೆಯನ್ನು. ಒಂದು ಮನೆ ತನಗೆ ಬೇಕಾದಷ್ಟು ಡೇಟಾ ಬಳಸಲು ತಿಂಗಳಿಗೆ ಎಷ್ಟು ಹಣ ತೆರಬೇಕು, ಆ ಹಣ ಅದರ ದುಡಿಮೆಯ ಎಷ್ಟು ಪಾಲು ಎಂಬುದನ್ನು ತಿಳಿಯಬೇಕಾದರೆ ನಾವೇ ಲೆಕ್ಕಕ್ಕೆ ಕೂರಬೇಕು. ಆ ಲೆಕ್ಕ ಕಷ್ಟದ್ದಲ್ಲ. ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಸಮಯ ಸಾಕು.

ಮೊದಲು ಕಂಪನಿಗಳ ದರಪಟ್ಟಿಯನ್ನು ಬದಿಗಿಟ್ಟು ನಿಮ್ಮದೇ ಫೋನನ್ನು ತೆರೆಯಿರಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಬಳಕೆಯ ಪುಟವಿರುತ್ತದೆ. ಅಲ್ಲಿ ಎಣಿಕೆ ಶುರುವಾಗುವ ದಿನಾಂಕವನ್ನು ನಿಮ್ಮ ರೀಚಾರ್ಜ್ ದಿನಕ್ಕೆ ಹೊಂದಿಸಿಕೊಳ್ಳಿ. ಐಫೋನ್‌ನಲ್ಲಿ ಈ ಎಣಿಕೆ ತಾನಾಗಿ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ, ರೀಚಾರ್ಜ್ ಮಾಡಿದ ದಿನವೇ ಅದನ್ನು ಕೈಯಾರೆ ರೀಸೆಟ್ ಮಾಡಬೇಕು. ಇಲ್ಲದಿದ್ದರೆ ಫೋನು ಕೊಂಡಂದಿನಿಂದ ಆದ ಬಳಕೆಯೆಲ್ಲ ಒಟ್ಟಾಗಿ ಕಾಣುತ್ತದೆ. ನಾನು ಹೀಗೆ ನೋಡಿದಾಗ 28 ದಿನಗಳಲ್ಲಿ ನನ್ನ ಬಳಕೆ 11 ಜಿಬಿ ಆಗಿತ್ತು. ನನ್ನದು ದಿನಕ್ಕೆ 1.5 ಜಿಬಿಯ ಪ್ಯಾಕ್, ಅಂದರೆ ಒಟ್ಟು 42 ಜಿಬಿ. ಉಳಿದ 31 ಜಿಬಿ ಎಲ್ಲಿಗೆ ಹೋಯಿತು? ಪ್ರತಿ ರಾತ್ರಿ ದಿನ ಬದಲಾದ ಕೂಡಲೇ ಆ ದಿನ ಉಳಿದದ್ದೆಲ್ಲ ಇಲ್ಲವಾಗುತ್ತ ಬಂದಿತ್ತು. ಭಾನುವಾರ ಮಧ್ಯಾಹ್ನ ಕ್ರಿಕೆಟ್ ನೋಡುತ್ತ ಕೋಟಾ ಮುಗಿದು, ವೇಗ 64 ಕೆಬಿಪಿಎಸ್‌ಗೆ ಇಳಿದು, ವಾಟ್ಸಾಪ್‌ನಲ್ಲಿ ಒಂದು ಫೋಟೊ ಕೂಡ ತೆರೆಯದೆ ಸುತ್ತುತ್ತ ನಿಂತಾಗ, ಶನಿವಾರ ಉಳಿದಿದ್ದ ಒಂದು ಜಿಬಿ ನೆರವಿಗೆ ಬರುವುದಿಲ್ಲ.

ಜಿಬಿ ದರದ ಹೋಲಿಕೆ ದಾರಿ ತಪ್ಪುವುದು ಇಲ್ಲಿಯೇ. 2024ರ ಜುಲೈ 3ರಂದು ದರ ಏರಿದ ಮೇಲೆ, ಜಿಯೊ ಕಂಪನಿಯ 28 ದಿನಗಳ, ದಿನಕ್ಕೆ 1.5 ಜಿಬಿಯ ಪ್ಯಾಕ್ 239 ರೂಪಾಯಿಯಿಂದ 299 ರೂಪಾಯಿಗೆ ಹೋಯಿತು. 299ನ್ನು 42ರಿಂದ ಭಾಗಿಸಿದರೆ ಜಿಬಿಗೆ 7 ರೂಪಾಯಿ ಚಿಲ್ಲರೆ. ನಾನು ನಿಜವಾಗಿ ಬಳಸಿದ 11 ಜಿಬಿಯಿಂದ ಭಾಗಿಸಿದರೆ 27 ರೂಪಾಯಿ. ಕಂಪನಿ ಹೇಳುವ ಬೆಲೆಗೂ ನನ್ನ ಜೇಬಿನಿಂದ ಹೋದ ಬೆಲೆಗೂ ಸುಮಾರು ನಾಲ್ಕು ಪಟ್ಟು ಅಂತರ. ಆದ್ದರಿಂದ ಯಾವ ಎರಡು ದೇಶಗಳನ್ನು ಹೋಲಿಸಿದರೂ "ನನ್ನ ಬಳಕೆಗೆ ಸಾಲುವಂಥ ಅತಿ ಕಡಿಮೆ ಬೆಲೆಯ ಪ್ಯಾಕ್ ಅಲ್ಲಿ ಯಾವುದು, ಇಲ್ಲಿ ಯಾವುದು" ಎಂದೇ ಕೇಳಬೇಕು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಇದೇ ಹಾದಿ ಹಿಡಿದು, 2 ಜಿಬಿ ಡೇಟಾದಂಥ ನಿಗದಿತ ಬಳಕೆಯ ಬುಟ್ಟಿಯೊಂದನ್ನು ಇಟ್ಟುಕೊಂಡು, ಆಯಾ ದೇಶದ ದೊಡ್ಡ ಕಂಪನಿಯಲ್ಲಿ ಅದಕ್ಕೆ ಎಷ್ಟು ಬೆಲೆ ಎಂದು ತೆರಿಗೆ ಸೇರಿಸಿ ನೋಡುತ್ತ ಬಂದಿದೆ.

ಎರಡನೆಯದಾಗಿ, ಅವಧಿಯನ್ನು ಸಮ ಮಾಡಿಕೊಳ್ಳಬೇಕು. ನಮ್ಮ 28 ದಿನಗಳ ಪ್ಯಾಕ್ ಒಂದು ತಿಂಗಳಿನದಲ್ಲ. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಸಲ ರೀಚಾರ್ಜ್ ಮಾಡಿಸಬೇಕಾಗುತ್ತದೆ. ಗ್ರಾಹಕರ ದೂರು ಹೆಚ್ಚಾಗಿ, ಪ್ರತಿ ಕಂಪನಿಯೂ 30 ದಿನಗಳ ಮತ್ತು ಪ್ರತಿ ತಿಂಗಳು ಅದೇ ದಿನಾಂಕಕ್ಕೆ ನವೀಕರಿಸಬಹುದಾದ ಪ್ಯಾಕ್‌ಗಳನ್ನೂ ಇಡಬೇಕೆಂದು ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತಾದರೂ, ಜನರ ಕೈಯಲ್ಲಿ ಹೆಚ್ಚು ಓಡಾಡುವುದು ಈಗಲೂ 28 ಮತ್ತು 84 ದಿನಗಳ ಪ್ಯಾಕ್‌ಗಳೇ. ಜರ್ಮನಿಯ ಪ್ರಿಪೇಯ್ಡ್ ಪ್ಯಾಕ್‌ಗಳಲ್ಲೂ ನಾಲ್ಕು ವಾರದ ಲೆಕ್ಕ ಸಾಮಾನ್ಯ. ಬೆಲೆಯನ್ನು ದಿನಗಳಿಂದ ಭಾಗಿಸಿ, 365ರಿಂದ ಗುಣಿಸಿ, ಮತ್ತೆ 12ರಿಂದ ಭಾಗಿಸಿದರೆ ನಿಜವಾದ ತಿಂಗಳ ಬೆಲೆ ಸಿಗುತ್ತದೆ: 299 ರೂಪಾಯಿಯ ಪ್ಯಾಕ್ ತಿಂಗಳಿಗೆ 325 ರೂಪಾಯಿ ಆಗುತ್ತದೆ. ನನ್ನ 11 ಜಿಬಿ ಬಳಕೆಯೂ ಇದೇ ಲೆಕ್ಕದಲ್ಲಿ ತಿಂಗಳಿಗೆ 12 ಜಿಬಿ ಆಗುತ್ತದೆ.

ಈಗ ಇನ್ನೊಂದು ದೇಶದತ್ತ ನೋಡೋಣ. ಅಮೆರಿಕದ ದೊಡ್ಡ ಕಂಪನಿಗಳ ಜಾಹೀರಾತಿನಲ್ಲಿ ಎದ್ದು ಕಾಣುವ ಬೆಲೆ ಬಹಳ ಸಲ ನಾಲ್ಕು ಸಿಮ್‌ಗಳನ್ನು ಒಟ್ಟಿಗೆ ಕೊಂಡಾಗ ಒಂದೊಂದಕ್ಕೆ ಬೀಳುವ ಬೆಲೆ. ಒಂಟಿ ಗ್ರಾಹಕನಿಗೆ ಅದು ಅನ್ವಯಿಸದು. ಆದ್ದರಿಂದ ನಾನು ಪ್ರಿಪೇಯ್ಡ್ ಸೇವೆಯಾದ ಮಿಂಟ್ ಮೊಬೈಲ್‌ನ ದರವನ್ನು ಆರಿಸಿಕೊಂಡೆ. 2024ರಲ್ಲಿ ಅಲ್ಲಿ 5 ಜಿಬಿಗೆ ತಿಂಗಳಿಗೆ 15 ಡಾಲರ್, 15 ಜಿಬಿಗೆ 20 ಡಾಲರ್ ಇತ್ತು. ನನ್ನ 12 ಜಿಬಿಗೆ ಮೊದಲನೆಯದು ಸಾಲದು, ಎರಡನೆಯದೇ ಬೇಕು. ಆದರೆ ಈ ದರ ಮುಂದುವರಿಯಬೇಕಾದರೆ ಒಂದು ವರ್ಷದ 240 ಡಾಲರನ್ನು ಒಮ್ಮೆಲೇ ಕಟ್ಟಬೇಕೆಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಹಾಗೆ ಒಮ್ಮೆಲೇ ಕಟ್ಟುವ ಶಕ್ತಿಯಿದ್ದವರಿಗೆ ನಮ್ಮಲ್ಲೂ ಅದೇ ವರ್ಷ ಜಿಯೊದ 3,599 ರೂಪಾಯಿಯ ವಾರ್ಷಿಕ ಪ್ಯಾಕ್ ಇದ್ದು, ಅದರಲ್ಲಿ ದಿನಕ್ಕೆ 2.5 ಜಿಬಿ ಸಿಕ್ಕಿಯೂ ತಿಂಗಳ ಬೆಲೆ 300 ರೂಪಾಯಿಗೆ ಇಳಿಯುತ್ತಿತ್ತು. 28 ದಿನಕ್ಕೊಮ್ಮೆ 299 ರೂಪಾಯಿ ಹೊಂದಿಸುವವರೇ ಕಡಿಮೆ ಡೇಟಾಕ್ಕೆ ಹೆಚ್ಚು ಹಣ ತೆರುತ್ತಿದ್ದಾರೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ತೆರಿಗೆಯ ವಿಷಯ ಚಿಕ್ಕದಾದರೂ ಮರೆಯಬಾರದು. ನಮ್ಮ ಪ್ರಿಪೇಯ್ಡ್ ಬೆಲೆಯಲ್ಲಿ ಶೇ. 18 ಜಿಎಸ್‌ಟಿ ಸೇರಿಯೇ ಇರುತ್ತದೆ, ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಮೇಲೆ ಸೇರುತ್ತದೆ. ಬ್ರಿಟನ್ನಿನಲ್ಲಿ ಗ್ರಾಹಕರಿಗೆ ತೋರಿಸುವ ಬೆಲೆ ಶೇ. 20 ವ್ಯಾಟ್ ಸೇರಿದ್ದು. ಅಮೆರಿಕದಲ್ಲಿ ಸಾಮಾನ್ಯವಾಗಿ ತೆರಿಗೆ ಮತ್ತು ಇತರ ಶುಲ್ಕಗಳು ಬೇರೆ. ಬ್ರಿಟನ್ನಿನ ಒಪ್ಪಂದದ ಪ್ಲಾನ್‌ಗಳಲ್ಲಿ ನಡುವೆ ಪ್ರತಿ ವರ್ಷ ದರ ಏರುವ ಷರತ್ತು ಇರುವುದುಂಟು. ಆ ಏರಿಕೆ ಎಷ್ಟೆಂಬುದನ್ನು ಹಣದುಬ್ಬರಕ್ಕೆ ಜೋಡಿಸದೆ, ಪೌಂಡು ಪೆನ್ನಿಗಳಲ್ಲೇ ಮೊದಲೇ ತಿಳಿಸಬೇಕೆಂದು ಅಲ್ಲಿನ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ 2025ರ ಜನವರಿ 17ರಿಂದ ಹೊಸ ಒಪ್ಪಂದಗಳಿಗೆ ನಿಯಮ ಮಾಡಿದೆ.

ಪ್ಯಾಕಿನೊಳಗೆ ಏನೇನಿದೆ ಎಂಬುದನ್ನೂ ನೋಡಬೇಕು. ನಮ್ಮ 299 ರೂಪಾಯಿಯಲ್ಲಿ ದೇಶದೊಳಗಿನ ಕರೆಗಳೂ ದಿನಕ್ಕೆ 100 ಎಸ್‌ಎಂಎಸ್‌ಗಳೂ ಸೇರಿವೆ, ಆದರೆ ಮಿತಿಯಿಲ್ಲದ 5ಜಿ ಸೇರಿಲ್ಲ. 2024ರ ಜುಲೈನಿಂದ ಅದು ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕ್‌ಗಳಿಗೆ ಮಾತ್ರ. ಅಮೆರಿಕದಲ್ಲಿ "ಅನ್‌ಲಿಮಿಟೆಡ್" ಎಂದಿದ್ದರೆ ಎಷ್ಟು ಜಿಬಿ ಆದ ಮೇಲೆ ವೇಗ ತಗ್ಗಬಹುದು, ಹಾಟ್‌ಸ್ಪಾಟ್‌ಗೆ ಎಷ್ಟು ಮಿತಿ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಿ ಓದಬೇಕು. ಕರಾವಳಿಯಿಂದ ದುಬೈಗೆ ಹೋಗುವವರಿಗೆ ಇನ್ನೂ ಮುಖ್ಯವಾದ ಮಾತೊಂದಿದೆ. ಯುಎಇಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ವಾಟ್ಸಾಪ್ ಕರೆ ಹೋಗುವುದಿಲ್ಲ. ಇಂಟರ್‌ನೆಟ್ ಕರೆಗೆ ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳನ್ನೇ ಬಳಸಬೇಕು. ಕುಂದಾಪುರದಲ್ಲಿರುವ ತಾಯಿಯ ಮುಖ ದಿನವೂ ನೋಡಬೇಕೆನ್ನುವ ಮಗ, ಅಲ್ಲಿಂದ ಮನೆಗೆ ಕರೆ ಮಾಡುವ ಖರ್ಚು ಮತ್ತು ಏರ್ಪಾಡನ್ನು ಡೇಟಾ ಬೆಲೆಯ ಪಕ್ಕದಲ್ಲೇ ಬರೆದುಕೊಂಡು ನೋಡುವುದು ಒಳ್ಳೆಯದು.

ಕೊನೆಯದು, ಮತ್ತು ಹೆಚ್ಚು ಯೋಚನೆ ಬೇಡುವುದು, ಹಣದ ಪರಿವರ್ತನೆ. 2024ರ ಅಕ್ಟೋಬರ್‌ನಲ್ಲಿ ಡಾಲರಿಗೆ ಸುಮಾರು 84 ರೂಪಾಯಿ ಇದ್ದಾಗ 20 ಡಾಲರ್ ಎಂದರೆ 1,680 ರೂಪಾಯಿ; ನಮ್ಮ 325ರ ಐದು ಪಟ್ಟು. ಜಾಹೀರಾತಿನ ಜಿಬಿ ದರದಲ್ಲಿ ನೋಡಿದ್ದರೆ ಅಂತರ ಹದಿನಾರು ಪಟ್ಟು ಕಾಣುತ್ತಿತ್ತು. ಭಾರತದಿಂದ ಹಣ ಕಳಿಸಿ ಮಗಳನ್ನು ಅಲ್ಲಿ ಓದಿಸುವ ತಂದೆತಾಯಿಗೆ ಈ ವಿನಿಮಯ ದರದ ಲೆಕ್ಕವೇ ಸರಿ. ಆದರೆ ಅಲ್ಲೇ ದುಡಿದು ಅಲ್ಲೇ ಖರ್ಚು ಮಾಡುವವರ ವಿಷಯದಲ್ಲಿ ಕೊಳ್ಳುವ ಶಕ್ತಿಯ ಸಮಾನತೆಯನ್ನು ಹಿಡಿಯಬೇಕು. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕನ್ನು ಭಾರತದಲ್ಲಿ ಕೊಳ್ಳಲು ಸುಮಾರು 20 ರೂಪಾಯಿ ಸಾಕೆಂದು ವಿಶ್ವಬ್ಯಾಂಕಿನ ಅಂಕಿಗಳು ಹೇಳುತ್ತವೆ. ಆ ಲೆಕ್ಕದಲ್ಲಿ ಅಲ್ಲಿನ ಪ್ಯಾಕ್ ನಮ್ಮ 400 ರೂಪಾಯಿಗೆ ಸಮ; ತೆರಿಗೆಯನ್ನು ಬಿಟ್ಟರೆ ಐದು ಪಟ್ಟಿನ ಅಂತರ ಕುಗ್ಗಿ, ಅಲ್ಲಿನ ಬೆಲೆ ನಮ್ಮದಕ್ಕಿಂತ ಸುಮಾರು ಕಾಲು ಪಾಲಷ್ಟೇ ಹೆಚ್ಚಾಯಿತು.

ಆದಾಯದ ಎದುರು ಇಟ್ಟರೆ ಚಿತ್ರ ತಿರುಗಿಯೇ ಹೋಗುತ್ತದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆರಂಭಿಕ ಮಟ್ಟದ ಇಂಟರ್‌ನೆಟ್‌ನ ಬೆಲೆ ತಲಾ ಮಾಸಿಕ ಆದಾಯದ ಶೇ. 2ನ್ನು ಮೀರಬಾರದು ಎಂಬುದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2025ಕ್ಕೆ ಇಟ್ಟುಕೊಂಡ ಗುರಿ. ಭಾರತದ ವಾರ್ಷಿಕ ತಲಾ ಆದಾಯ ಸುಮಾರು 2,500 ಡಾಲರ್, ಅಮೆರಿಕದ್ದು ಸುಮಾರು 80,000 ಡಾಲರ್ ಎಂದು ಹಿಡಿದರೆ, ನನ್ನ ಪ್ಯಾಕ್ ಇಲ್ಲಿನ ತಿಂಗಳ ಆದಾಯದ ಶೇ. 1.9ರಷ್ಟು, ಮಿಂಟ್‌ನ 20 ಡಾಲರಿನ ಪ್ಯಾಕ್ ಅಲ್ಲಿನ ಶೇ. 0.3ರಷ್ಟು. ಸರಾಸರಿಯೂ ಬೇಡವೆಂದರೆ ಕೂಲಿಯನ್ನೇ ನೋಡಿ. ಕರ್ನಾಟಕದಲ್ಲಿ ನರೇಗಾ ಕೂಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಕೆರೆಯ ಹೂಳೆತ್ತುವ ಹೆಂಗಸೊಬ್ಬಳು ತಿಂಗಳ ಡೇಟಾಕ್ಕಾಗಿ ಸರಿಸುಮಾರು ಒಂದಿಡೀ ದಿನ ದುಡಿಯಬೇಕಿತ್ತು. ಅಮೆರಿಕದಲ್ಲಿ ಗಂಟೆಗೆ 7.25 ಡಾಲರಿನ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ ಪಡೆಯುವವರಿಗೆ 20 ಡಾಲರ್ ಗಳಿಸಲು ಎರಡೂ ಮುಕ್ಕಾಲು ಗಂಟೆ ಸಾಕು, ಮತ್ತು ಅನೇಕ ರಾಜ್ಯಗಳ ಕನಿಷ್ಠ ಕೂಲಿ ಅದಕ್ಕಿಂತ ಹೆಚ್ಚಿದೆ. ಜಗತ್ತಿನ ಅಗ್ಗದ ಡೇಟಾಗಳಲ್ಲಿ ಒಂದನ್ನು ಕೊಳ್ಳುವವಳು ಅದಕ್ಕಾಗಿ ಹೆಚ್ಚು ಹೊತ್ತು ಬಿಸಿಲಲ್ಲಿ ನಿಲ್ಲುತ್ತಾಳೆ.

ಹಾಳೆಯ ಮೇಲೆ ಈ ಅಂಕಿಗಳನ್ನು ಬರೆಯುವಾಗ ದರ ನೋಡಿದ ದಿನಾಂಕ, ಹಿಡಿದ ವಿನಿಮಯ ದರ, ತೆರಿಗೆ ಸೇರಿದೆಯೇ ಇಲ್ಲವೇ, ಹಣವನ್ನು ತಿಂಗಳಿಗೊಮ್ಮೆ ಕಟ್ಟುವುದೋ ವರ್ಷಕ್ಕೊಮ್ಮೆಯೋ ಎಂಬುದನ್ನು ಆಯಾ ಪ್ಯಾಕಿನ ಪಕ್ಕದಲ್ಲೇ ನಮೂದಿಸಿ. ದರವನ್ನು ಕಂಪನಿಯ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಳ್ಳಿ. ದರ ಬದಲಾದಾಗ ಆ ಒಂದು ಸಾಲನ್ನಷ್ಟೇ ಅಳಿಸಿ ಬರೆದರೆ ಸಾಕು. ನಿಮ್ಮ ಬಳಕೆಯನ್ನು ಮಾತ್ರ ಆರು ತಿಂಗಳಿಗೊಮ್ಮೆ ಫೋನಿನಲ್ಲಿ ಮತ್ತೆ ನೋಡಿ ತಿದ್ದಿಕೊಳ್ಳಿ.